ಬೈದವನು ನಾನು, ಮಾತು ಬಿಟ್ಟವನು ಅಣ್ಣ. ಮಾಗಿದ ಮನಸ್ಸು ಯಾರದು?

ಸಿಂಧನೂರು ಕಡೆಯ ರೈತ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತಲ್ಲ, ನಮ್ಮದು ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲ. ನೆಲ್ಲು ಹಚ್ಚಿ ಹದಿನೈದು ದಿನ ಆಗಿತ್ತು, ಗೊಬ್ಬರ ಉದ್ರಿ ತಂದಿದ್ದೆವು. ಬೆಳಿಗ್ಗೆ ಟಿವಿಯಲ್ಲಿ ನೀರು ಹೊಳೆಗೆ ಹೋಗೋದು ನೋಡಿ ನನಗೆ ತಲೆ ಕೆಟ್ಟಿತು. ಈ ಸಲ ಲೀಜಿಗೆ ಇನ್ನೂ ನಾಲ್ಕು ಎಕರೆ ಹಿಡಿಯೋದು ಬೇಡ ಅಂದಿದ್ದೆ, ನನ್ನ ಮಾತು ಯಾರು ಕೇಳ್ತೀರಿ ಅಂತ ಅಪ್ಪನ ಎದುರೇ ಅಣ್ಣನಿಗೆ ಬಾಯಿಗೆ ಬಂದಂತೆ ಬೈದೆ. ಅಣ್ಣ ಒಂದೂ ಮಾತಾಡದೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದ.

ವಾರದಲ್ಲಿ ಆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಉಕ್ಕಿನ ತಡೆ ಕೂರಿಸಿದರು, ಮಳೆ ಬಂತು, ಡ್ಯಾಮು ಮತ್ತೆ ತುಂಬಿತು, ನಮ್ಮ ಬೆಳೆಯೂ ಉಳಿಯಿತು. ಅಣ್ಣ ಮಾತ್ರ ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ. ಏನಿದ್ದರೂ ವೈನಿ, ಅಂದರೆ ಅವನ ಹೆಂಡತಿ, ಕೈಲಿ ಹೇಳಿ ಕಳಿಸುತ್ತಾನೆ. ಊರಲ್ಲೆಲ್ಲ ಒಂದೇ ಮಾತು, ದೊಡ್ಡವನದು ಎಷ್ಟು ಮಾಗಿದ ಮನಸ್ಸು, ತಿರುಗಿ ಒಂದು ಮಾತು ಆಡಲಿಲ್ಲ ಅಂತ. ನಾನು ಬೈದದ್ದು ತಪ್ಪು, ಒಪ್ಪುತ್ತೇನೆ. ಆದರೆ ಸುಮ್ಮನಿರೋದೇ ಮಾಗಿದ ಮನಸ್ಸಾ?

ಕೊಪ್ಪಳದ ನರ್ಸ್:
ಅಣ್ಣಾ, ಬಾಯಿ ಸುಮ್ಮನಿದ್ದರೆ ಮನಸ್ಸೂ ಸುಮ್ಮನಿದೆ ಅಂತ ಅಲ್ಲ. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಅನ್ನೋ ಅಮೆರಿಕದ ಸಂಶೋಧಕರು 1993ರಲ್ಲಿ ಕೆಲವರಿಗೆ ಅಸಹ್ಯ ಹುಟ್ಟಿಸುವ ದೃಶ್ಯ ತೋರಿಸಿ, ಏನನಿಸಿದರೂ ಮುಖದ ಮೇಲೆ ತೋರಿಸಬೇಡಿ ಅಂದಿದ್ದರು. ಮುಖ ಶಾಂತವಾಯಿತು, ಒಳಗೆ ಅಸಹ್ಯ ಅಷ್ಟೇ ಇತ್ತು, ಮೈ ಮಾತ್ರ ಹಾಗೆ ಹೇಳಿಸಿಕೊಳ್ಳದೆ ನೋಡಿದವರಿಗಿಂತ ಜಾಸ್ತಿ ಬೆವರಿತ್ತು. ನಿಮ್ಮ ಅಣ್ಣನೂ ಒಳಗೆ ಬೇಯುತ್ತಿರಬಹುದು.

ಇನ್ನೊಂದು, ನಿಮ್ಮ ಬಗ್ಗೆ. ಅವತ್ತು ನಿಮಗೆ ಆಗಿದ್ದು ಹೆದರಿಕೆ, ಅದು ಸಿಟ್ಟಾಗಿ ಹೊರಗೆ ಬಂತು ಅಂತ ನನಗೆ ಅನಿಸುತ್ತದೆ. ವಾರ್ಡಿನಲ್ಲಿ ದಿನಾ ನೋಡುತ್ತೇನೆ, ರೋಗಿಯ ಕಡೆಯವರು ನಮ್ಮ ಮೇಲೆ ಕೂಗಾಡುತ್ತಾರೆ, ಪಕ್ಕದಲ್ಲಿ ಕೂತು ಹೆದರಿಕೆ ಆಗ್ತಿದೆಯಾ ಅಂತ ಕೇಳಿದರೆ ಅತ್ತುಬಿಡುತ್ತಾರೆ. ಆಮೇಲೆ ಕೂಗಾಟ ಇಲ್ಲ. ಫೋಟೋದಲ್ಲಿ ಸಿಟ್ಟು, ಹೆದರಿಕೆ ತುಂಬಿದ ಮುಖ ನೋಡಿ ಆ ಭಾವನೆಗೆ ಹೆಸರು ಹೇಳಿದರೆ ಮಿದುಳಿನಲ್ಲಿ ಅಮಿಗ್ಡಲಾ ಅನ್ನೋ, ಹೆದರಿಕೆಗೆ ಸ್ಪಂದಿಸುವ ಭಾಗದ ಅಬ್ಬರ ಇಳಿಯುತ್ತದೆ ಅಂತ 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಅನ್ನೋ ಸಂಶೋಧಕರ ತಂಡ ಸ್ಕ್ಯಾನ್ ಮಾಡಿ ತೋರಿಸಿದೆ. ನಮ್ಮ ಮನಸ್ಸಿಗೆ ಆಗುತ್ತಿರುವುದಕ್ಕೆ ಹೆಸರು ಹೇಳಿದರೂ ಹಾಗೇ ಇರಬಹುದು.

ಬಳ್ಳಾರಿಯ ನಿವೃತ್ತ ಟೀಚರ್:
ತಮ್ಮಾ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ತಪ್ಪು ಅಂತ ನಮಗೆ ಹೇಳಿದ್ದೀಯ. ಅಣ್ಣನಿಗೆ ಹೇಳಿದ್ದೀಯಾ? ಅದೆಲ್ಲೂ ಕಾಣಲಿಲ್ಲ.

ನಾನೂ ನಮ್ಮ ಅತ್ತೆಯವರ ಹತ್ತಿರ ಎಷ್ಟೋ ವರ್ಷ 'ತಪ್ಪಾಯ್ತು, ಆದರೆ ನೀವೂ ಹಾಗೆ ಅನ್ನಬಾರದಿತ್ತು' ಅನ್ನುತ್ತಿದ್ದೆ. ಪ್ರತಿ ಸಲ ಜಗಳ ಮತ್ತೆ ಮೊದಲಿಂದ ಶುರು. ಒಂದು ದಿನ ರೊಟ್ಟಿ ಬಡಿಯುತ್ತಾ ಬರೀ 'ತಪ್ಪಾಯ್ತು' ಅಂದೆ, 'ಆದರೆ' ಬಾಯಿ ತನಕ ಬಂದಿತ್ತು, ನುಂಗಿಕೊಂಡೆ. ಅವರು ಏನೂ ಹೇಳಲಿಲ್ಲ, ಎದ್ದು ಬಂದು ಒಲೆ ಮುಂದೆ ಕೂತು ರೊಟ್ಟಿ ಬೇಯಿಸಿದರು. ಆ 'ಆದರೆ' ನುಂಗೋದು ಇದೆಯಲ್ಲ, ನನ್ನ ಮಟ್ಟಿಗೆ ಮನಸ್ಸು ಮಾಗೋದು ಅಂದರೆ ಅದೇ.

ರಾಯಚೂರಿನವನು:
ಟೀಚರ್ ಹೇಳಿದ್ದು ಸರಿ. ಆದರೂ ಅಣ್ಣನನ್ನು ಪೂರಾ ಬಿಟ್ಟುಬಿಡೋದು ನನಗೆ ಒಪ್ಪಿಗೆ ಇಲ್ಲ. ನನ್ನ ಮದುವೆ ವಿಷಯಕ್ಕೆ ಅಪ್ಪ ಆರು ತಿಂಗಳು ಮಾತು ಬಿಟ್ಟಿದ್ದರು, ಒಂದೇ ಮನೆಯಲ್ಲಿ. ಮಧ್ಯದಲ್ಲಿ ಅವ್ವ ಇಬ್ಬರ ಮಾತನ್ನೂ ಹೊತ್ತು ಹೊತ್ತು ಸೊರಗಿದಳು. ಸಿಟ್ಟು ಬಂದಾಗ ಎದ್ದು ಹೋಗೋದು ಒಳ್ಳೆಯದೇ, ನಾನೂ ಹೋಗುತ್ತೇನೆ. ಆದರೆ 'ಈಗ ಬೇಡ, ಸಂಜೆ ಮಾತಾಡೋಣ' ಅಂತ ಹೇಳಿ ಹೋಗಬೇಕು, ಸಂಜೆ ವಾಪಸ್ ಬಂದು ಕೂರಬೇಕು. ವಾಪಸ್ ಬರದ ಮೌನ ಶಿಕ್ಷೆ. ನಿಮ್ಮ ವೈನಿಯವರನ್ನು ಮೊದಲು ಆ ಕೆಲಸದಿಂದ ಬಿಡಿಸಿ.

ಸಿಂಧನೂರು ಕಡೆಯ ರೈತ:
ಅಕ್ಕಾ, ಹೇಳಿಲ್ಲ. ನೀವು ಕೇಳಿದ ಮೇಲೆ ನಾನು ಬರೆದದ್ದನ್ನೇ ಮತ್ತೆ ಓದಿದೆ. ಯಾರದು ದೊಡ್ಡ ತಪ್ಪು ಅಂತ ನಿಮ್ಮ ಕೈಲಿ ತೀರ್ಪು ಬರೆಸೋಕೆ ಕೂತಿದ್ದೆ ನಾನು. ಸಿಸ್ಟರ್ ಹೇಳಿದ ಹೆದರಿಕೆ ಮಾತು ನಿಜ. ಸಾಲ ನೆನೆಸಿಕೊಂಡು ಕೈ ನಡುಗುತ್ತಿತ್ತು, ಅದನ್ನು ಇವತ್ತಿಗೂ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನಾಳೆ ರಾತ್ರಿ ಅಣ್ಣ ನೀರು ಕಟ್ಟಲು ಹೋಗುತ್ತಾನೆ. ನಾನೂ ಹೋಗುತ್ತೇನೆ. ಇಬ್ಬರಿಗೂ ಸೇರಿ ಒಂದೇ ಬುತ್ತಿ ಕಟ್ಟಲು ವೈನಿಗೆ ಹೇಳಿದ್ದೇನೆ.