ಲೋಕಲ್ ಜನ ಹೋಗೋ ಜಾಗ

"ಟೂರಿಸ್ಟ್ ಜಾಗ ಬೇಡವಂತೆ ಕಣ್ರೀ," ಅಂದ ಕಿಟ್ಟಿ, ಕೃಷ್ಣರಾವ್ ಪಾರ್ಕಿನ ಬೆಂಚಿನ ಮೇಲೆ ಕರ್ಚೀಫು ಹಾಸಿ ಕೂರುತ್ತಾ. "ಲೋಕಲ್ ಜನ ಹೋಗೋ ಜಾಗಗಳೇ ಬೇಕಂತೆ."

"ಯಾರಿಗೆ?" ಅಂದ ಶೇಷು.

"ನಮ್ಮವಳ ಅಣ್ಣನ ಮಗನಿಗೆ. ಪುಣೆಯಿಂದ ಹೆಂಡ್ತಿ ಕರ್ಕೊಂಡು ಬರ್ತಿದಾನೆ, ಶನಿವಾರ ಭಾನುವಾರ. 'ಮಾವ, ಎಲ್ಲರೂ ನೋಡೋದು ಬೇಡ, ಹಿಡನ್ ಜೆಮ್ಸ್ ಹೇಳಿ, ನೀವು ಲೋಕಲ್ ಅಲ್ವಾ' ಅಂತ ಮೆಸೇಜ್ ಹಾಕಿದಾನೆ."

ವನಜಕ್ಕ ಆಗಷ್ಟೇ ಮೂರನೇ ಸುತ್ತು ಮುಗಿಸಿ ಬಂದಿದ್ದರು. ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತಾ, "ಜೆಮ್ಮಾ? ನಮ್ಮೂರಲ್ಲಿ ಇರೋದು ಜಾಮು. ಅದನ್ನ ಯಾರೂ ಬಚ್ಚಿಟ್ಟಿಲ್ಲ. ಏರ್‌ಪೋರ್ಟಿಂದ ಆಚೆ ಬಂದ ತಕ್ಷಣ ದರ್ಶನ ಕೊಡುತ್ತೆ," ಅಂದರು.

"ಹಂಗಲ್ಲ ವನಜಕ್ಕ, ಯಾರಿಗೂ ಗೊತ್ತಿಲ್ಲದ ಜಾಗ..."

"ಯಾರಿಗೂ ಗೊತ್ತಿಲ್ಲದ ಜಾಗ ನಿನಗೆ ಹೆಂಗೋ ಗೊತ್ತಿರುತ್ತೆ? ಗೊತ್ತಿದ್ರೂ ಹೇಳಬಾರದು. ನಮ್ಮನೆ ಹಿಂದಿನ ಗಲ್ಲೀಲಿ ಒಬ್ಬಾಕೆ ಇಡ್ಲಿ ಮಾಡಿ ಮಾರ್ತಿದ್ಲು. ಹದಿನೈದು ವರ್ಷ ನಾವು ಏಳೆಂಟು ಮನೆಯೋರು ತಿಂದ್ಕೊಂಡು ಸುಖವಾಗಿದ್ವಿ. ಒಬ್ಬ ಹುಡುಗ ಬಂದ, ಫೋನು ಹಿಡಿದ, 'ಯಾರಿಗೂ ಗೊತ್ತಿಲ್ಲದ ಇಡ್ಲಿ' ಅಂದ. ಊರಿಗೆಲ್ಲಾ ಗೊತ್ತಾಯ್ತು. ಈಗ ನಮಗೊಬ್ಬರಿಗೇ ಆ ಇಡ್ಲಿ ಸಿಗಲ್ಲ."

ಪಾಪಣ್ಣೋರು ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದರು. ನಿದ್ದೆಯೋ ಒಪ್ಪಿಗೆಯೋ ಹೇಳುವುದು ಕಷ್ಟ.

ಕಿಟ್ಟಿ ಸೋಲುವ ಆಸಾಮಿಯಲ್ಲ. "ಫೋನಿಗೇ ಕೇಳಿದೀನಿ, ಅದು ಪ್ಲಾನ್ ಕೊಟ್ಟಿದೆ. ಕೇಳಿ. ಬೆಳಿಗ್ಗೆ ನಂದಿ ಬೆಟ್ಟದಲ್ಲಿ ಸೂರ್ಯೋದಯ. ಬಸವನಗುಡೀಲಿ ತಿಂಡಿ. ವೈಟ್‌ಫೀಲ್ಡಲ್ಲಿ ಊಟ. ಆಮೇಲೆ ಬನ್ನೇರುಘಟ್ಟದಲ್ಲಿ ಹುಲಿ. ಸಂಜೆ ಮಲ್ಲೇಶ್ವರದಲ್ಲಿ ಕಾಫಿ. ಎಲ್ಲಾ ಒಂದೇ ದಿನ."

"ಇದು ಪ್ರವಾಸ ಅಲ್ಲ ಕಣೋ, ಅಷ್ಟದಿಕ್ಪಾಲಕರ ಪೂಜೆ," ಅಂದರು ವನಜಕ್ಕ. "ನಂದಿಯಿಂದ ಇಲ್ಲಿಗೇ ಅರವತ್ತು ಕಿಲೋಮೀಟರು. ಇಲ್ಲಿಂದ ವೈಟ್‌ಫೀಲ್ಡು ಮುಟ್ಟೋ ಹೊತ್ತಿಗೆ ಮಧ್ಯಾಹ್ನದ ಊಟ ರಾತ್ರಿದಾಗಿರುತ್ತೆ. ಹುಲಿ ಪಾಪ ಕಾದು ಕಾದು ಮಲಗಿರುತ್ತೆ."

"ಹಂಗಾದ್ರೆ ನೀವೇ ಹೇಳಿ. ಲೋಕಲ್ ಜನ ಎಲ್ಲಿಗೆ ಹೋಗ್ತಾರೆ?"

ಕೇಳಬಾರದಿತ್ತು. ವನಜಕ್ಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಇದು ಅವರು ಮಾತಿಗೆ ಮಡಿ ಉಡುವ ಕ್ರಮ.

"ಬರ್ಕೋ. ಶನಿವಾರ ಬೆಳಿಗ್ಗೆ ಐದೂವರೆ: ಸಂಪಿನ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ನೀರು ಬಂತಾ ಅಂತ ನೋಡೋದು. ಪಕ್ಕಾ ಲೋಕಲ್. ಟೂರಿಸ್ಟು ಒಬ್ಬನೂ ಅಡ್ಡ ಬರಲ್ಲ. ಏಳು ಗಂಟೆ: ಖಾಲಿ ಹೊಟ್ಟೇಲಿ ಲ್ಯಾಬಿಗೆ ಹೋಗಿ ರಕ್ತ ಕೊಡೋದು. ತಿಂಡಿ ತಿಂದು ಎರಡು ಗಂಟೆ ಬಿಟ್ಟು ಇನ್ನೊಂದ್ಸಲ ಕೊಡೋದು. ನಡುವೆ ಎಲ್ಲಿಗೂ ಹೋಗೋ ಹಂಗಿಲ್ಲ, ಅಲ್ಲೇ ಹಳೇ ಸಿನಿಮಾ ಪತ್ರಿಕೆ ಇರುತ್ತೆ."

"ವನಜಕ್ಕ..."

"ತಡಿ. ಹನ್ನೆರಡೂವರೆ: ಕಲ್ಯಾಣ ಮಂಟಪ. ಯಾರ ಮದುವೆಯಾದ್ರೂ ಪರವಾಗಿಲ್ಲ. ಡೈನಿಂಗ್ ಹಾಲಲ್ಲಿ ಊಟ ಮಾಡ್ತಿರೋರ ಕುರ್ಚಿ ಹಿಂದೆ ಎರಡೂ ಕೈಯಲ್ಲಿ ಒರಗು ಹಿಡ್ಕೊಂಡು ನಿಲ್ಲಬೇಕು. ಅವರು ಮಜ್ಜಿಗೆ ಅನ್ನಕ್ಕೆ ಬಂದ್ರಾ, ಇನ್ನೂ ಸಾರಲ್ಲೇ ಇದಾರಾ ಅಂತ ಎಲೆ ನೋಡ್ತಾ ಇರಬೇಕು. ಇದನ್ನ ಯಾವ ರೀಲಲ್ಲಿ ತೋರಿಸಿದಾರೆ ಹೇಳು! ಮೂರು ಗಂಟೆ: ನಮ್ಮನೆ ಗೇಟಿಗೆ ಅಡ್ಡ ಕಾರು ನಿಲ್ಲಿಸಿದ ಪುಣ್ಯಾತ್ಮನ್ನ ಹುಡುಕೋದು. ಇದರಲ್ಲಿ ವಾಕಿಂಗೂ ಇದೆ, ಸಾಹಸಾನೂ ಇದೆ. ಸಂಜೆ ಸೂರ್ಯಾಸ್ತ: ಸಿಲ್ಕ್ ಬೋರ್ಡ್ ಜಂಕ್ಷನ್. ಪೂರ್ತಿ ನೋಡಬಹುದು, ಯಾರೂ ಮುಂದಕ್ಕೆ ಹೋಗಿ ಅನ್ನಲ್ಲ. ಅದೃಷ್ಟ ಇದ್ರೆ ಚಂದ್ರೋದಯಾನೂ ಅಲ್ಲೇ."

"ಭಾನುವಾರ?" ಅಂದ ಶೇಷು, ನಗು ತಡೆದುಕೊಂಡು.

"ಭಾನುವಾರ ಲೋಕಲ್ ಜನ ಎಲ್ಲಿಗೂ ಹೋಗಲ್ಲ. ಮಧ್ಯಾಹ್ನ ಮಲಗ್ತಾರೆ. ಅವರಿಗೂ ಎರಡು ಚಾಪೆ ಕೊಡೋದು."

ಅಷ್ಟರಲ್ಲಿ ಕಿಟ್ಟಿಯೇ ಫ್ಲಾಸ್ಕು ತೆಗೆದ. ಕಾಫಿ ಎರಡು ಲೋಟದಷ್ಟು, ಜನ ನಾಲ್ಕು. ಬೈಟು ಹಾಕುವುದರಲ್ಲಿ ನಮ್ಮ ಕಿಟ್ಟಿಯ ಕೈ ಅಕ್ಕಸಾಲಿಗನ ತಕ್ಕಡಿ ಇದ್ದಂತೆ, ಒಂದು ಹನಿ ಆಚೀಚೆ ಇಲ್ಲ.

"ತಮಾಷೆ ಸಾಕು," ಅಂದ ಅವನು. "ತಿಂಡಿಗೆ ಎಲ್ಲಿಗೆ ಕಳಿಸ್ಲಿ? ಅದೊಂದು ಹೇಳಿ."

"ಗಾಂಧಿ ಬಜಾರು, ವಿದ್ಯಾರ್ಥಿ ಭವನ," ಅಂದರು ವನಜಕ್ಕ. "1943ರಿಂದ ಇದೆ. ಬರೀ ಕೈಯಲ್ಲಿ ಹತ್ತು ಹನ್ನೆರಡು ದೋಸೆ ತಟ್ಟೆ ಒಂದರ ಮೇಲೊಂದು ಪೇರಿಸ್ಕೊಂಡು ಬರ್ತಾರಲ್ಲ, ಅದನ್ನ ನೋಡ್ಲಿ. ಶುಕ್ರವಾರ ರಜ, ಬರೋದು ಶನಿವಾರ, ಬಚಾವು."

"ಮಲ್ಲೇಶ್ವರದ ಸಿ.ಟಿ.ಆರ್. ಬೆಣ್ಣೆ ದೋಸೆ ತಿಂದೋರು ಈ ಮಾತು ಆಡಲ್ಲ," ಅಂದ ಶೇಷು.

ಆಯಿತು. ಶೇಷು ಮಲ್ಲೇಶ್ವರದಲ್ಲಿ ಹುಟ್ಟಿದವನು. ಬಸವನಗುಡಿಗೆ ಬಂದು ಮೂವತ್ತನಾಲ್ಕು ವರ್ಷ ಆದರೂ ದೋಸೆ ವಿಷಯದಲ್ಲಿ ಅವನ ಪೌರತ್ವ ಇನ್ನೂ ಅಲ್ಲೇ. ಮುಂದಿನ ಹತ್ತು ನಿಮಿಷ ಗರಿ ಗರಿ ಎಷ್ಟಿರಬೇಕು, ಒಳಗೆ ಮೆತ್ತಗೆ ಎಷ್ಟಿರಬೇಕು, ಪಲ್ಯ ಒಳಗೋ ಪಕ್ಕದಲ್ಲೋ ಅನ್ನುವುದರ ಮೇಲೆ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಇಬ್ಬರಿಗೂ ಬಿ.ಪಿ. ಇದೆ. ಮಧ್ಯೆ ಕಿಟ್ಟಿ ಎಂ.ಟಿ.ಆರ್. ಅಂತ ಬಾಯಿ ಬಿಟ್ಟ. ಶೇಷು ತಕ್ಷಣ, "1924. ಎರಡನೇ ಮಹಾಯುದ್ಧದ ಕಾಲ, ಬರ್ಮಾ ಕಡೆಯಿಂದ ಅಕ್ಕಿ ಬರೋದು ನಿಂತುಹೋಯ್ತು, ಅದಕ್ಕೇ ಅವರು ರವೆ ಇಡ್ಲಿ ಮಾಡಿದ್ದು," ಅಂದ.

"ನೋಡು, ಬರ್ಮಾದಲ್ಲಿ ಯುದ್ಧ ಆದ್ರೆ ಬೇರೆ ಊರೋರು ಬಂಕರ್ ತೋಡ್ತಾರೆ. ನಮ್ಮೂರೋರು ರವೆ ಹುರೀತಾರೆ," ಅಂದರು ವನಜಕ್ಕ. "ಕಿಟ್ಟಿ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೂ ಕಳಿಸು. ಆದ್ರೆ ಹುಡುಗನಿಗೆ ಮೊದ್ಲೇ ಹೇಳಿರು, ಅಲ್ಲಿ ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಸಾಂಬಾರ್ ಕೇಳಿದ್ರೆ ಹಿಂದೆ ನಿಂತೋರೆಲ್ಲ ತಿರುಗಿ ನೋಡ್ತಾರೆ. ಲೋಕಲ್ ವೇಷ ಅಲ್ಲೇ ಕಳಚುತ್ತೆ."

"ಅಲ್ಲಾ, ನಾವೆಲ್ಲ ಲೋಕಲ್ಲಾ ಮೊದ್ಲು?" ಪಾಪಣ್ಣೋರು ಇದ್ದಕ್ಕಿದ್ದಂತೆ ಕಣ್ಣು ಬಿಟ್ಟರು. "ನಾನು ತುಮಕೂರಿಂದ ಬಂದೋನು. ಕಿಟ್ಟಿ ಮಂಡ್ಯದೋನು."

"ನಾನು ಇಲ್ಲೇ ಹುಟ್ಟಿದ್ದು!" ಅಂದ ಶೇಷು. "ಮಲ್ಲೇಶ್ವರ!"

"ಮಲ್ಲೇಶ್ವರಾನೂ ಅಷ್ಟೇ, ಬಸವನಗುಡೀನೂ ಅಷ್ಟೇ. 1898ರಲ್ಲಿ ಪ್ಲೇಗ್ ಬಂದಾಗ ಹೆದರಿ ಪೇಟೆ ಬಿಟ್ಟು ಓಡಿಬಂದೋರಿಗೆ ಆದ ಬಡಾವಣೆಗಳು," ಅಂದರು ವನಜಕ್ಕ. "ಇಲಿಗೆ ಹೆದರಿ ಬಂದೋರು ನಾವು. ಲೋಕಲ್ ಅಂದ್ರೆ ಚಿಕ್ಕಪೇಟೆ, ತಿಗಳರಪೇಟೆ, ಕಾಟನ್‌ಪೇಟೆಯೋರು. ಚೈತ್ರದ ಹುಣ್ಣಿಮೆ ದಿನ ಧರ್ಮರಾಯನ ಗುಡಿಯಿಂದ ಕರಗ ಹೊರಟು, ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತಲ್ಲ, ಅದು ಲೋಕಲ್. ಅದಕ್ಕೆ ಹಿಡನ್ ಅನ್ನು ನೋಡೋಣ. ರಾತ್ರಿಯಿಡೀ ಲಕ್ಷಾಂತರ ಜನ ನಿಂತಿರ್ತಾರೆ."

"ಪೇಟೆ ಅಂದ್ರೆ ನೆನಪಾಯ್ತು," ಅಂದರು ಪಾಪಣ್ಣೋರು. "ಹುಡುಗನಿಗೆ ದಾರಿ ನಾನು ಹೇಳ್ತೀನಿ. ಮೆಜೆಸ್ಟಿಕ್ಕಲ್ಲಿ ಇಳೀಲಿ. ಕಪಾಲಿ ಟಾಕೀಸಿಂದ ಎಡಕ್ಕೆ..."

"ಕಪಾಲಿ ಒಡೆದುಹಾಕಿದ್ರು ಪಾಪಣ್ಣೋರೆ."

"ಹೌದಾ? ಹಂಗಾದ್ರೆ ಎಂ.ಜಿ. ರೋಡಿಗೆ ಹೋಗ್ಲಿ. ಪ್ಲಾಜಾದಲ್ಲಿ ಒಂದು ಇಂಗ್ಲಿಷ್ ಪಿಕ್ಚರ್ ನೋಡಿ..."

"ಅಲ್ಲೀಗ ಮೆಟ್ರೋ ಸ್ಟೇಷನ್."

"ಅಲ್ಲೇ ಹತ್ರ ಇಂಡಿಯಾ ಕಾಫಿ ಹೌಸ್ ಆದ್ರೂ ಇದೆಯಾ? ಪೇಟ ಸುತ್ತಿಕೊಂಡು ಕಾಫಿ ಕೊಡೋರು."

"ಅದು 2009ರಲ್ಲೇ ಚರ್ಚ್ ಸ್ಟ್ರೀಟಿಗೆ ಹೋಯ್ತು."

ಪಾಪಣ್ಣೋರು ಲೋಟದ ತಳದಲ್ಲಿದ್ದ ಕಾಫಿಯನ್ನು ಒಮ್ಮೆ ತಿರುಗಿಸಿ ನೋಡಿದರು. "ಸರಿ. ಹಂಗಾದ್ರೆ ಮೆಜೆಸ್ಟಿಕ್ಕಲ್ಲೇ ಇರ್ಲಿ. ಮೆಜೆಸ್ಟಿಕ್ ಟಾಕೀಸ್ ಹತ್ರ..." ಅಂದವರು ತಾವೇ ನಿಲ್ಲಿಸಿದರು. ಆ ಟಾಕೀಸೂ ಹೋಗಿ ಎಷ್ಟೋ ವರ್ಷ ಆಯಿತು, ಹೆಸರು ಮಾತ್ರ ಬಸ್ಸಿನ ಬೋರ್ಡಿನ ಮೇಲೆ ಉಳಿದಿದೆ. ಆ ಬಸ್ ಸ್ಟ್ಯಾಂಡಾದರೂ ಧರ್ಮಾಂಬುಧಿ ಕೆರೆಯ ಹೊಟ್ಟೆಯ ಮೇಲೇ ಕೂತಿದೆ.

"ನೋಡಿದ್ಯಾ ಕಿಟ್ಟಿ," ಅಂದರು ವನಜಕ್ಕ, ದನಿ ತಗ್ಗಿಸಿ. "ಹಿಡನ್ ಜೆಮ್ ಅಂದ್ರೆ ಇವು. ಎಷ್ಟು ಚೆನ್ನಾಗಿ ಬಚ್ಚಿಟ್ಟಿದಾರೆ ಅಂದ್ರೆ, ಇಟ್ಟೋರಿಗೂ ಸಿಗಲ್ಲ."

ಶೇಷುವಿಗೆ ಇಂಥ ಮೌನ ಆಗದು, ಅಂಕಿಅಂಶದಿಂದ ತುಂಬಿಬಿಡುತ್ತಾನೆ. "ಲಾಲ್‌ಬಾಗ್ ಇದೆಯಲ್ಲ. 240 ಎಕರೆ. ಹೈದರಾಲಿ 1760ರಲ್ಲಿ ಶುರು ಮಾಡಿದ್ದು, ಗಾಜಿನ ಮನೆ 1889ರದ್ದು. ಅಲ್ಲಿರೋ ಬಂಡೆಗೆ 300 ಕೋಟಿ ವರ್ಷ. ಅದರ ಮೇಲೆ ಕೆಂಪೇಗೌಡರ ಗೋಪುರ. ಇನ್ನು ಟಿಪ್ಪುವಿನ ಬೇಸಿಗೆ ಅರಮನೆ, 1791, ಕಂಬ ಎಲ್ಲಾ ತೇಗದ್ದು..."

"ನೋಡಿದೀಯಾ?"

"ಏನನ್ನ?"

"ಅರಮನೇನ."

ಶೇಷು ಶಾಲು ಸರಿಮಾಡಿಕೊಂಡ. "ಹೊರಗಿಂದ. ಬಸ್ಸಲ್ಲಿ ಹೋಗ್ತಾ."

"ನ್ಯಾಷನಲ್ ಕಾಲೇಜಲ್ಲಿ ಮೆಟ್ರೋ ಹತ್ತಿದ್ರೆ ಮುಂದಿನ ಸ್ಟೇಷನ್ನೇ ಮಾರ್ಕೆಟ್ಟು," ಅಂದರು ವನಜಕ್ಕ. "ಒಂದೇ ಸ್ಟೇಷನ್. ಸೀಟು ಹುಡುಕೋಷ್ಟರಲ್ಲಿ ಇಳಿಯೋದು. ಕಿಟ್ಟಿ, ನೀನು?"

"ನಾನು ಮಾರ್ಕೆಟ್ಟಿಗೆ ಹೂವಿಗೆ ಹೋಗಿದೀನಿ. ಗೌರಿ ಹಬ್ಬಕ್ಕೆ. ಅರಮನೆ ಕಡೆ ಹೋಗಿಲ್ಲ. ನೀವು?"

ವನಜಕ್ಕ ತಕ್ಷಣ ಉತ್ತರ ಕೊಡಲಿಲ್ಲ. ಪಾರ್ಕಿನ ಆ ಮೂಲೆಯಲ್ಲಿ ನಗೆಕೂಟದವರು ಕೈ ಮೇಲೆತ್ತಿ ಹ್ಹ ಹ್ಹ ಹ್ಹ ಅನ್ನುತ್ತಿದ್ದರು.

"ಒಂದ್ಸಲ. ನಮ್ಮ ಸೋದರತ್ತೆ ಬಂದಾಗ," ಅಂದರು. "ಅರಸೀಕೆರೆಯಿಂದ ರೈಲಲ್ಲಿ ಬರೋರು. ಒಂದು ಟ್ರಂಕು, ಅರ್ಧ ಮೂಟೆ ತೆಂಗಿನಕಾಯಿ. ಬಂದ್ರೆ ಹದಿನೈದು ದಿನ. ಅವರು ಬಂದ್ರೆ ನಮಗೆ ಹಬ್ಬ. ಯಾಕೆ ಹೇಳು? ಅವರನ್ನ ಊರು ತೋರಿಸೋಕೆ ಅಪ್ಪ ಹೊರಟ್ರೆ ನಾವೂ ಹೋಗಬಹುದಿತ್ತು. ಅಪ್ಪನದು ಒಂದೇ ಪಟ್ಟಿ, ಯಾರೇ ಬರ್ಲಿ ಅದೇ. ಲಾಲ್‌ಬಾಗು, ಕಬ್ಬನ್ ಪಾರ್ಕಲ್ಲಿ ಪುಟಾಣಿ ರೈಲು, ವಿಶ್ವೇಶ್ವರಯ್ಯ ಮ್ಯೂಸಿಯಮ್ಮಲ್ಲಿ ಸಿಕ್ಕಿದ ಬಟನ್ ಎಲ್ಲಾ ಒತ್ತೋದು, ಭಾನುವಾರ ಸಂಜೆ ವಿಧಾನಸೌಧದ ದೀಪ. ಅತ್ತೆ ಲಾಲ್‌ಬಾಗ್ ಬಂಡೆ ಹತ್ತಿದ್ರು. ಅಪ್ಪ, 'ಇದು ಭೂಮಿ ಹುಟ್ಟಿದ ಕಾಲದ್ದು ಕಣೇ' ಅಂದ್ರು. ಅತ್ತೆ ಬಂಡೆ ಮೇಲೆ ಅಂಗೈ ಇಟ್ಟು ಬಿಸಿ ನೋಡಿದ್ರು. 'ಎಷ್ಟು ಚೆನ್ನಾಗಿ ಕಾದಿದೆಯೋ, ಸಂಡಿಗೆ ಇಡಬಹುದಿತ್ತು' ಅಂದ್ರು."

ಕಿಟ್ಟಿ ಕಾಫಿ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದ.

"ನಗಬೇಡ. ವಿಧಾನಸೌಧದ ಮುಂದೆ ಅಪ್ಪ ತಲೆ ಎತ್ತಿಸಿ ಓದಿಸಿದ್ರು, 'ಸರ್ಕಾರದ ಕೆಲಸ ದೇವರ ಕೆಲಸ'. ಅತ್ತೆ ಚಪ್ಪಲಿ ಬಿಟ್ಟು ಕೈ ಮುಗಿದ್ರು. ಆಮೇಲೆ ಅಪ್ಪನ್ನ ಮೆಲ್ಲಗೆ ಕೇಳಿದ್ರು, ಒಳಗಡೆ ಯಾವ ದೇವರು ಅಂತ. ಅಪ್ಪ ಕೂಡ ಸರ್ಕಾರಿ ನೌಕರರೇ, ಏನೂ ಹೇಳ್ಲಿಲ್ಲ." ವನಜಕ್ಕ ಲೋಟ ಕೆಳಗಿಟ್ಟರು. "ಅತ್ತೆ ಹೋದ್ಮೇಲೆ ನಾನು ಆ ಬಂಡೆ ಹತ್ತಿಲ್ಲ. ಹತ್ತೋಕೆ ಕಾರಣ ಬೇಕಲ್ಲ. ಈಗ ಬರೋರು ಹೋಟೆಲ್ ಬುಕ್ ಮಾಡ್ಕೊಂಡು ಬರ್ತಾರೆ, ಪಟ್ಟಿ ಫೋನಲ್ಲೇ ತರ್ತಾರೆ. ನಮ್ಮನ್ನ ಕೇಳೋದು ಬರೀ ಲೋಕಲ್ ಜಾಗ ಎಲ್ಲಿದೆ ಅಂತ. ಲೋಕಲ್ ಜನ ಎಲ್ಲಿದಾರೆ ಅಂತ ಕೇಳಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಿಟ್ಟಿಯೇ ಫೋನು ತೆಗೆದ. ಓದುತ್ತಾ ಟೈಪ್ ಮಾಡಿದ: "ಶನಿವಾರ ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗ್ ಬಂಡೆ ಹತ್ರ ಬನ್ನಿ. ನಾನೂ ನಮ್ಮ ಸ್ನೇಹಿತರೂ ಇರ್ತೀವಿ. ಆಮೇಲೆ ಎಲ್ಲರೂ ಸೇರಿ ದೋಸೆ."

"ಎಲ್ಲಿ ದೋಸೆ ಅಂತ ಬರಿ," ಅಂದ ಶೇಷು.

"ಬರೆಯಲ್ಲ. ನೀವಿಬ್ಬರೂ ಮತ್ತೆ ಶುರು ಮಾಡ್ತೀರಿ."

ಉತ್ತರ ಎರಡೇ ನಿಮಿಷಕ್ಕೆ ಬಂತು. ಕಿಟ್ಟಿ ಮನಸ್ಸಿನಲ್ಲೇ ಓದಿಕೊಂಡ. ಮತ್ತೊಮ್ಮೆ ಓದಿಕೊಂಡ.

"ಏನಂತೆ?"

"'ಮಾವ, ಲಾಲ್‌ಬಾಗ್ ಟೂರಿಸ್ಟ್ ಜಾಗ ಅಲ್ವಾ?' ಅಂತೆ. ಆಮೇಲೆ ನಗೋ ಮುಖದ ಗೊಂಬೆ. ಆಮೇಲೆ, 'ಟೈಮ್ ಸಿಕ್ಕಿದ್ರೆ ಮನೆಗೆ ಬಂದು ಹೋಗ್ತೀವಿ'."

"ಟೈಮು!" ಅಂದರು ವನಜಕ್ಕ. "ಅದೊಂದು ಹಿಡನ್ ಜೆಮ್ಮು ನೋಡು."

ಬಿಸಿಲು ಬೆಂಚಿನ ಕಾಲಿನವರೆಗೂ ಬಂದಿತ್ತು. ವನಜಕ್ಕ ಎದ್ದು ಸೀರೆಯ ನಿರಿಗೆ ಕೊಡವಿಕೊಂಡರು. "ಸರಿ, ಅವರು ಬರದಿದ್ರೆ ಬೇಡ. ನಾವು ನಾಲ್ಕು ಜನ ಹೋಗೋಣ ಶನಿವಾರ. ಅರಮನೆಗೆ. ಒಂದೇ ಸ್ಟೇಷನ್."

"ಶನಿವಾರ ನನಗೆ ಮಂಡಿ ಡಾಕ್ಟರು," ಅಂದ ಶೇಷು.

"ನಮ್ಮವಳು ಪುಣೆಯೋರು ಬರ್ತಾರೇನೋ ಅಂತ ಬೆಳಿಗ್ಗೆಯಿಂದ ಅಡುಗೆ ಮಾಡ್ಕೊಂಡು ಕೂತಿರ್ತಾಳೆ," ಅಂದ ಕಿಟ್ಟಿ. "ನಾನು ಮನೇಲಿರಬೇಕು."

ಪಾಪಣ್ಣೋರು ಮಾತ್ರ ತುಂಬಾ ಹೊತ್ತು ಯೋಚಿಸಿದರು. ಊರುಗೋಲು ಊರಿಕೊಂಡು ಎದ್ದು, ಗೇಟಿನ ಕಡೆ ನಾಲ್ಕು ಹೆಜ್ಜೆ ಹಾಕಿ ತಿರುಗಿದರು.

"ಬರಬಹುದಿತ್ತು ಕಣಮ್ಮ," ಅಂದರು. "ಊರಿಂದ ಯಾರಾದ್ರೂ ಬಂದಿದ್ರೆ."