ರೇಷನ್ ಕಾರ್ಡ್ ಅರ್ಜಿಗೆ ಮೊದಲು ಆದಾಯ ಪ್ರಮಾಣಪತ್ರ ನೋಡಿಕೊಳ್ಳಿ

(ಗುಂಪಿನಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ತಾಲೂಕು ಕಚೇರಿಯ ಆಹಾರ ಶಾಖೆಯಿಂದ ನಿವೃತ್ತರಾದ ಆಹಾರ ನಿರೀಕ್ಷಕರು.)

ಪ್ರಶ್ನೆ (ಹರಿಹರದ ಗೃಹಿಣಿ): ಅತ್ತೆ ಮನೆಯಿಂದ ಬೇರೆ ಬಂದು ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮಿಬ್ಬರ ಹೆಸರು ಇನ್ನೂ ಅತ್ತೆಯವರ ಕಾರ್ಡಲ್ಲೇ ಇದೆ. ಯಜಮಾನರು ಸಾಲ ಮಾಡಿ ಟಾಟಾ ಏಸ್ ತಗೊಂಡು ಬಾಡಿಗೆ ಓಡಿಸುತ್ತಾರೆ. ನಾಲ್ಕು ಚಕ್ರದ ಗಾಡಿ ಇದ್ದರೆ ಬಿಪಿಎಲ್ ಇಲ್ಲ ಅಂತಾರೆ. ನಿಜಾನಾ?

ಉತ್ತರ: ನಿಜ ಅಲ್ಲ. ಅಡ್ಡಿ ಇರುವುದು ಸ್ವಂತಕ್ಕೆ ಇಟ್ಟುಕೊಂಡ ಬಿಳಿ ಬೋರ್ಡಿನ ಕಾರಿಗೆ. ಹೊಟ್ಟೆಪಾಡಿಗೆ ಓಡಿಸುವ ಒಂದು ಹಳದಿ ಬೋರ್ಡ್ ಗಾಡಿಗೆ ವಿನಾಯಿತಿ ಇದೆ. ಆರ್‌ಸಿ ಪ್ರತಿ ಜೊತೆಗಿರಲಿ.

ಉಳಿದ ಷರತ್ತುಗಳನ್ನೂ ಹೇಳಿಬಿಡುತ್ತೇನೆ. ಮನೆಯವರೆಲ್ಲರ ಆದಾಯ ಸೇರಿ ವರ್ಷಕ್ಕೆ 1.20 ಲಕ್ಷ ದಾಟಬಾರದು. ಸರ್ಕಾರಿ ನೌಕರರು, ತೆರಿಗೆ ಕಟ್ಟುವವರು ಇರಬಾರದು. ಹಳ್ಳಿಯಲ್ಲಾದರೆ 3 ಹೆಕ್ಟೇರ್ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನಿಗಿಂತ ಜಾಸ್ತಿ ಇರಬಾರದು. ಪಟ್ಟಣದಲ್ಲಿ 1000 ಚದರಡಿಗಿಂತ ದೊಡ್ಡ ಸ್ವಂತ ಮನೆ ಇರಬಾರದು.

ಇದರಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಮೊದಲನೆಯದರಲ್ಲೇ. 1.20 ಲಕ್ಷ ಅಂದರೆ ತಿಂಗಳಿಗೆ 10,000 ರೂಪಾಯಿ. ಇವತ್ತು ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹೆಣ್ಣುಮಗಳ ಸಂಬಳವೇ ಅದನ್ನು ದಾಟುತ್ತದೆ. ಅವಳ ಮನೆ ಬಡವರ ಮನೆಯಲ್ಲ ಎಂದು ಯಾರು ಹೇಳುತ್ತಾರೆ? ಈ ಮಿತಿ ಏರಿಸಲೇಬೇಕು ಅಂತ ನಾನು ಕೆಲಸದಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಆದರೆ ನಿಯಮ ಬದಲಾಗುವವರೆಗೆ ನಾಡಕಚೇರಿ ಕೊಡುವ ಆದಾಯ ಪ್ರಮಾಣಪತ್ರದಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ. ಅದರ ಆರ್‌ಡಿ ನಂಬರ್ ಹಾಕಿದ ಕೂಡಲೇ ಆದಾಯ ಕಂಪ್ಯೂಟರ್‌ನಲ್ಲಿ ಬರುತ್ತದೆ. ಹಾಗಾಗಿ ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಬಂದಾಗ ಗಾಡಿಯ ಕಂತು, ಡೀಸೆಲ್ ಖರ್ಚು ಎಲ್ಲ ಬಿಡಿಸಿ ಹೇಳಿ. ದಿನದ ಬಾಡಿಗೆ ದುಡ್ಡೆಲ್ಲ ಆದಾಯ ಅಲ್ಲ. ಸುಳ್ಳು ಮಾತ್ರ ಬೇಡ. ಮುಂದೆ ಸಿಕ್ಕಿಬಿದ್ದರೆ ಪಡೆದ ಅಕ್ಕಿಗೂ ದಂಡ ಕಟ್ಟಬೇಕಾಗುತ್ತದೆ.

ಇನ್ನೊಂದು ವಿಷಯ. ಒಂದು ಆಧಾರ್ ಒಂದೇ ಕಾರ್ಡಲ್ಲಿರಬೇಕು. ಮೊದಲು ಅತ್ತೆಯವರ ಕಾರ್ಡಿನಿಂದ ನಿಮ್ಮಿಬ್ಬರ ಹೆಸರು ತೆಗೆಸಿ. ಹೊಸ ಕಾರ್ಡಲ್ಲಿ ಮನೆಯ ಯಜಮಾನಿ ನೀವೇ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ 18 ದಾಟಿದ ಹಿರಿಯ ಹೆಣ್ಣುಮಗಳೇ ಕುಟುಂಬದ ಮುಖ್ಯಸ್ಥೆ. ಗೃಹಲಕ್ಷ್ಮಿ ಹಣವೂ ಕಾರ್ಡಲ್ಲಿ ಯಜಮಾನಿ ಯಾರು ಅಂತ ನೋಡಿಯೇ ಬರುವುದು.

ಅದೇ ಗೃಹಿಣಿ: ಆಧಾರ್‌ನಲ್ಲಿ ಇನಿಷಿಯಲ್ ಇದೆ, ಜಾತಿ-ಆದಾಯ ಪತ್ರದಲ್ಲಿ ಇಲ್ಲ. ತೊಂದರೆ ಆಗುತ್ತಾ?

ಉತ್ತರ: ಆಗಬಹುದು. ಎರಡರಲ್ಲೂ ಹೆಸರು ಒಂದೇ ಥರ ಮಾಡಿಸಿಕೊಂಡೇ ಹೋಗಿ. ಆಮೇಲೆ ಓಡಾಡುವುದಕ್ಕಿಂತ ಇದು ಸಲೀಸು.

ಪ್ರಶ್ನೆ (ಹಾಸನದ ರೈತ): ಮಗ ಬೈಕ್ ಲೋನಿಗೆ ಅಂತ ಐಟಿ ರಿಟರ್ನ್ಸ್ ಹಾಕಿದ. ಒಂದು ರೂಪಾಯಿ ತೆರಿಗೆ ಕಟ್ಟಿಲ್ಲ. ನಮ್ಮ ಕಾರ್ಡು ಎಪಿಎಲ್ ಆಗಿಬಿಟ್ಟಿದೆ.

ಉತ್ತರ: ಇಂಥ ಮನೆಗಳು ತುಂಬಾ ಇವೆ. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದತಿ ವಿಚಾರ ದೊಡ್ಡ ಗಲಾಟೆಯಾದಾಗ ಸರ್ಕಾರ ಒಂದು ಮಾತು ಸ್ಪಷ್ಟವಾಗಿ ಹೇಳಿತ್ತು: ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡಿ ಅಂತ. ರಿಟರ್ನ್ಸ್ ಹಾಕುವುದೇ ಬೇರೆ, ತೆರಿಗೆ ಕಟ್ಟುವುದೇ ಬೇರೆ. ತೆರಿಗೆ ಸೊನ್ನೆ ಅಂತ ತೋರಿಸುವ ರಿಟರ್ನ್ಸ್ ಪ್ರತಿ, ಪಹಣಿ, ಆದಾಯ ಪ್ರಮಾಣಪತ್ರ ಇಟ್ಟುಕೊಂಡು ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಡಿ. ಸ್ವೀಕೃತಿ ಇಲ್ಲದೆ ವಾಪಸ್ ಬರಬೇಡಿ.

ಆದರೆ ಒಂದು ಕಹಿ ಮಾತು ಹೇಳಲೇಬೇಕು. ಲೋನ್ ಸಿಗಲಿ ಅಂತ ರಿಟರ್ನ್ಸ್‌ನಲ್ಲಿ ಮೂರು ಲಕ್ಷ, ನಾಲ್ಕು ಲಕ್ಷ ಆದಾಯ ತೋರಿಸಿದ್ದರೆ, ತೆರಿಗೆ ಸೊನ್ನೆಯಾದರೂ ನಿಮ್ಮದೇ ಕಾಗದ ನಿಮ್ಮ ವಿರುದ್ಧ ನಿಲ್ಲುತ್ತದೆ. ಮಗನನ್ನು ಕೂರಿಸಿಕೊಂಡು ಅದರಲ್ಲಿ ಏನು ಬರೆದಿದೆ ಅಂತ ಮೊದಲು ಓದಿಸಿ.

ಪ್ರಶ್ನೆ (ಬೆಂಗಳೂರಿನಲ್ಲಿ ಗಾರೆ ಕೆಲಸ, ಊರು ಯಾದಗಿರಿ ಕಡೆ): ಕಾರ್ಡು ಊರಿನದು. ಇಲ್ಲಿ ರೇಷನ್ ಕೊಡ್ತಾರಾ? ಮುಂದೆ ಪುಣೆಗೆ ಹೋದರೆ?

ಉತ್ತರ: ಎರಡೂ ಕಡೆ ಸಿಗುತ್ತದೆ. ರಾಜ್ಯದೊಳಗೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ತಗೊಳ್ಳಬಹುದು. ‘ಇದು ನಮ್ಮ ಅಂಗಡಿ ಕಾರ್ಡಲ್ಲ’ ಅನ್ನುವ ಹಾಗಿಲ್ಲ. ಪುಣೆಯಲ್ಲಿ ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಯಲ್ಲಿ ಕೇಂದ್ರದ ಪಾಲು ಮಾತ್ರ, ಅಂದರೆ ತಲಾ 5 ಕಿಲೋ, ಉಚಿತವಾಗಿ. ನಮ್ಮ ಅನ್ನಭಾಗ್ಯದ ಹೆಚ್ಚುವರಿ ಪಾಲು ಅಲ್ಲಿಗೆ ಬರುವುದಿಲ್ಲ. ಇಕೆವೈಸಿ (ಆಧಾರ್ ಬೆರಳಚ್ಚಿನ ದೃಢೀಕರಣ) ಆಗಿದೆಯಾ ಅಂತ ಮಾತ್ರ ಹೊರಡುವ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ (ಗದಗದ ಅಂಗನವಾಡಿ ಕಾರ್ಯಕರ್ತೆ): ನಮ್ಮ ಓಣಿಯ ಅಜ್ಜಿ ಒಂಟಿ. ಬೆರಳ ಗೆರೆ ಸವೆದು ಹೋಗಿವೆ, ಥಂಬ್ ಕೂರುವುದಿಲ್ಲ. ಅಂಗಡಿಯವರು ‘ನಾಳೆ ಬಾ’ ಅಂತ ಕಳಿಸುತ್ತಾರೆ.

ಉತ್ತರ: ಇದನ್ನು ಕೇಳಿದರೆ ಸಂಕಟವಾಗುತ್ತದೆ. ಜೀವನವಿಡೀ ಹೊಲದಲ್ಲಿ ದುಡಿದ ಕೈ ಅದು. ಅದೇ ಕಾರಣಕ್ಕೆ ಅಕ್ಕಿ ತಪ್ಪಬಾರದು. ಬೆರಳಚ್ಚು ಹೊಂದಲಿಲ್ಲ ಅಂತ ಯಾರಿಗೂ ಪಡಿತರ ನಿಲ್ಲಿಸಬಾರದು ಅಂತ ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಮೊದಲು ಆಧಾರ್ ಕೇಂದ್ರದಲ್ಲಿ ಬೆರಳು, ಕಣ್ಣು ಎರಡನ್ನೂ ಹೊಸದಾಗಿ ದಾಖಲಿಸಿ, ಮೊಬೈಲ್ ನಂಬರ್ ಜೋಡಿಸಿ. ಆಮೇಲೆ ಅಂಗಡಿಯಲ್ಲಿ ಒಟಿಪಿ ಮೂಲಕ ಕೊಡಿ ಅಂತ ಕೇಳಿ. ಆಗಲೂ ವಾಪಸ್ ಕಳಿಸಿದರೆ ಅಂಗಡಿ ಮುಂದೆಯೇ ನಿಂತು 1967ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ.

ಹಾಗೇ ಅಜ್ಜಿಯ ಕಾರ್ಡು ಯಾವುದು ನೋಡಿ. ನೋಡಿಕೊಳ್ಳುವವರಿಲ್ಲದ ವಿಧವೆಯರು, 60 ದಾಟಿದವರು ಕಡುಬಡವರಿಗಿರುವ ಅಂತ್ಯೋದಯ ಕಾರ್ಡಿಗೆ ಅರ್ಹರು. ಅದರಲ್ಲಿ ಒಬ್ಬರೇ ಇದ್ದರೂ ಕಾರ್ಡಿಗೆ ತಿಂಗಳಿಗೆ 35 ಕಿಲೋ. ಬಿಪಿಎಲ್ ಕಾರ್ಡಿದ್ದರೆ ಅಂತ್ಯೋದಯಕ್ಕೆ ಬದಲಾಯಿಸಿಕೊಡಿ ಅಂತ ಅರ್ಜಿ ಬರೆದುಕೊಡಿ. ನೀವೇ ಬರೆದುಕೊಟ್ಟರೆ ಅಜ್ಜಿಗೆ ದೊಡ್ಡ ಉಪಕಾರ.

ಪ್ರಶ್ನೆ (ಕೋಲಾರದ ಯುವಕ): ಹೊಸ ಅರ್ಜಿ ಯಾವಾಗ ಕೇಳಿದರೂ ‘ಸೈಟ್ ಓಪನ್ ಇಲ್ಲ’ ಅಂತಾರೆ. ಏಜೆಂಟ್ ಒಬ್ಬ ಐದು ಸಾವಿರ ಕೊಟ್ಟರೆ ಮಾಡಿಸ್ತೀನಿ ಅಂತಾನೆ.

ಉತ್ತರ: ಕೊಡಬೇಡಿ. ಸೈಟ್ ಮುಚ್ಚಿದ್ದರೆ ಅವನಿಗೂ ಮುಚ್ಚಿರುತ್ತದೆ. ಅರ್ಜಿ ಬಿಟ್ಟಾಗ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ನಿಗದಿತ ಸಣ್ಣ ಶುಲ್ಕಕ್ಕೆ ಹಾಕಬಹುದು. ಹೆಸರಿರುವ ಎಲ್ಲರೂ ಆಧಾರ್ ಹಿಡಿದುಕೊಂಡು ಬೆರಳಚ್ಚಿಗೆ ಹೋಗಬೇಕು. ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆಯಿದ್ದರೆ ಆಸ್ಪತ್ರೆ ದಾಖಲೆ ತೋರಿಸಿ ತುರ್ತು ಅರ್ಜಿ ಅಂತ ಕೇಳಿ. ನೀವು ಕೂಲಿ ಕೆಲಸದವರಾಗಿದ್ದು, ಅಸಂಘಟಿತ ಕಾರ್ಮಿಕರ ನೋಂದಣಿ ತಾಣವಾದ ಇ-ಶ್ರಮ್‌ನಲ್ಲಿ ನೋಂದಾಯಿಸಿದ್ದರೆ ಅದನ್ನೂ ಹೇಳಿ. ಇ-ಶ್ರಮ್‌ನಲ್ಲಿದ್ದೂ ಕಾರ್ಡಿಲ್ಲದವರಿಗೆ ರೇಷನ್ ಕಾರ್ಡ್ ಕೊಡಿ ಅಂತ ಸುಪ್ರೀಂ ಕೋರ್ಟ್ 2023ರಲ್ಲೇ ರಾಜ್ಯಗಳಿಗೆ ಹೇಳಿದೆ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಆ ಕಾಗದ ಇದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ, ಅಲ್ಲೂ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಹೋಗಬಹುದು. ಬಾಯಿಮಾತಿನ ‘ಆಗಲ್ಲ’ ಹಿಡಿದುಕೊಂಡು ಎಲ್ಲಿಗೂ ಹೋಗಲು ಬರುವುದಿಲ್ಲ. ಏನು ಕಾರಣ ಬರೆದರು ಅಂತ ಇಲ್ಲಿ ಹಾಕಿ, ಮುಂದಿನ ಅರ್ಜಿ ನಾನೇ ಬರೆದುಕೊಡುತ್ತೇನೆ.