ಅಡಿ-ಅಂಗುಲದ ನಕ್ಷೆಯನ್ನು ಮಿಲಿಮೀಟರಿಗೆ ತರುವಾಗ ಸ್ಕೇಲ್ ಮಾಡಬೇಕೋ, ಯೂನಿಟ್ ಹೊಂದಿಸಬೇಕೋ?

ಹಾಸನದ ಸಿವಿಲ್ ಎಂಜಿನಿಯರ್:
ಮೂವತ್ತು-ನಲವತ್ತರ ಸೈಟಿನ ಮನೆಯೊಂದರ ಪ್ಲಾನು ಆರ್ಕಿಟೆಕ್ಟ್ ಒಬ್ಬರಿಂದ ಆಟೋಕ್ಯಾಡ್ ಎಂಬ ನಕ್ಷೆ ಬರೆಯುವ ತಂತ್ರಾಂಶದ ಕಡತವಾಗಿ ಬಂದಿತ್ತು. ಅವರು ಅಡಿ-ಅಂಗುಲದಲ್ಲಿ ಬರೆದಿದ್ದರು. ಕಾಲಂ ಮತ್ತು ಫೂಟಿಂಗ್ ನಕ್ಷೆಗಳನ್ನು ನಾನು ಮಿಲಿಮೀಟರಿನಲ್ಲಿಯೇ ಮಾಡುವುದರಿಂದ, ಹಿಂದಿನಿಂದ ನಡೆಸಿಕೊಂಡು ಬಂದ ರೂಢಿಯಂತೆ, ಸ್ಕೇಲ್ ಕಮಾಂಡಿನಲ್ಲಿ 25 ಎಂದು ಕೊಟ್ಟು ಇಡೀ ಪ್ಲಾನನ್ನು ಹಿಗ್ಗಿಸಿದೆ. ಸ್ಥಳದಲ್ಲಿ ಮಾರ್ಕಿಂಗ್ ಮಾಡುವಾಗ, 9144 ಇರಬೇಕಾದ ಮೂವತ್ತು ಅಡಿಯ ಬದಿ ನನ್ನ ನಕ್ಷೆಯಲ್ಲಿ 9000 ಆಗಿರುವುದನ್ನು ಮೇಸ್ತ್ರಿಯವರು ಟೇಪು ಹಿಡಿದು ತೋರಿಸಿದರು. ವ್ಯತ್ಯಾಸ 144 ಮಿಲಿಮೀಟರ್, ಅಂದರೆ ನಾಲ್ಕೂವರೆ ಅಂಗುಲದ ಗೋಡೆಯ ದಪ್ಪಕ್ಕಿಂತ ಹೆಚ್ಚು. ಅಗೆತ ಆರಂಭವಾಗಿರದ ಕಾರಣ ನಷ್ಟ ತಪ್ಪಿತು. 25.4 ಕೊಡಬೇಕಿತ್ತೆಂಬುದು ಈಗ ಸ್ಪಷ್ಟವಾಗಿದೆ. ಆದರೆ ಹೀಗೆ ಸ್ಕೇಲ್ ಮಾಡುವ ಪದ್ಧತಿಯೇ ಸರಿಯೇ ಎಂಬ ಸಂದೇಹ ಉಳಿದಿದೆ.

ಮೈಸೂರಿನ ಡ್ರಾಫ್ಟ್ಸ್‌ಮನ್:
ಪದ್ಧತಿಯಲ್ಲಿ ದೋಷವಿಲ್ಲ ಸರ್, ಗುಣಕದಲ್ಲಿತ್ತು. ಒಂದು ಅಂಗುಲವೆಂದರೆ 25.4 ಮಿಲಿಮೀಟರ್, ಅದನ್ನು ದುಂಡಗೆ ಮಾಡಲು ಅವಕಾಶವೇ ಇಲ್ಲ. ಆದರೆ ಗುಣಿಸುವ ಮೊದಲು, ಬರೆದವರು ಒಂದು ಯೂನಿಟನ್ನು ಅಂಗುಲವೆಂದು ಭಾವಿಸಿದ್ದಾರೋ ಅಡಿಯೆಂದೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮೂವತ್ತು ಅಡಿಯ ಗೆರೆಯನ್ನು ದಶಮಾಂಶದಲ್ಲಿ ಅಳೆದಾಗ 360 ಬಂದರೆ ಅದು ಅಂಗುಲ, 30 ಬಂದರೆ ಅಡಿ. ಎರಡನೆಯದಕ್ಕೆ ಗುಣಕ 304.8. ಅಡಿಯ ಕಡತಕ್ಕೆ 25.4 ಕೊಟ್ಟರೆ ಅದೇ ಬದಿ 762 ಆಗುತ್ತದೆ. ಆ ತಪ್ಪು ಕಣ್ಣಿಗೆ ಬೀಳುತ್ತದೆ. ನಿಮ್ಮ 9000 ಸರಿಯಾದುದರಂತೆ ಕಾಣುವ ಕಾರಣ ಹೆಚ್ಚು ಅಪಾಯಕಾರಿ.

ಪಾಲಿಟೆಕ್ನಿಕ್ ಉಪನ್ಯಾಸಕಿ:
ನಾನು ಇದನ್ನು ಒಪ್ಪುವುದಿಲ್ಲ. ಬೇರೆಯವರು ಬರೆದ ನಕ್ಷೆಯ ಗಾತ್ರವನ್ನು ನಾವು ಬದಲಿಸಬಾರದು. ಆರ್ಕಿಟೆಕ್ಟರ ಕಡತದಲ್ಲಿ ಇನ್‌ಸ್‌ಯೂನಿಟ್ಸ್ (ಒಂದು ಯೂನಿಟ್ ಯಾವ ಮಾನವೆಂದು ಹೇಳುವ ಸೆಟ್ಟಿಂಗ್) ಅಂಗುಲವೆಂದೂ ನಮ್ಮ ಕಡತದಲ್ಲಿ ಮಿಲಿಮೀಟರೆಂದೂ ಇದ್ದರೆ, ಅವರ ಪ್ಲಾನನ್ನು ಎಕ್ಸ್‌ರೆಫ್ ಆಗಿ, ಅಂದರೆ ಮೂಲ ಕಡತಕ್ಕೆ ಕೊಂಡಿಯಾಗಿ, ಜೋಡಿಸಿದಾಗ ತಂತ್ರಾಂಶ ತಾನಾಗಿಯೇ 25.4 ಪಟ್ಟು ಮಾಡಿಕೊಳ್ಳುತ್ತದೆ. ಅವರು ಬರೆದ ಅಡಿ-ಅಂಗುಲದ ಅಂಕಿಗಳು ಹಾಗೆಯೇ ಉಳಿಯುತ್ತವೆ, ಮೇಲೆ ನಾವು ಹಾಕುವ ಡೈಮೆನ್ಷನ್‌ಗಳು ಮಿಲಿಮೀಟರಿನಲ್ಲಿ ಬರುತ್ತವೆ. ಮುಖ್ಯ ಸಂಗತಿಯೆಂದರೆ, ಪ್ಲಾನು ಒಂದೇ ಸಲ ಬರುವುದಿಲ್ಲ. ಮೆಟ್ಟಿಲು ಸರಿಯುತ್ತದೆ, ಅಡುಗೆಮನೆ ದೊಡ್ಡದಾಗುತ್ತದೆ, ಹೊಸ ಕಡತ ಬರುತ್ತದೆ. ಪ್ರತಿ ಸಲವೂ ಕೈಯಿಂದ ಸ್ಕೇಲ್ ಮಾಡುವವರು ಒಂದಲ್ಲ ಒಂದು ದಿನ ಈಗಾಗಲೇ ಸ್ಕೇಲ್ ಆಗಿರುವುದನ್ನೇ ಮತ್ತೆ ಸ್ಕೇಲ್ ಮಾಡುತ್ತಾರೆ.

ಮೈಸೂರಿನ ಡ್ರಾಫ್ಟ್ಸ್‌ಮನ್:
ಮೇಡಂ, ನೀವು ಹೇಳುವುದು ಕಡತ ಶಿಸ್ತಿನಿಂದ ಇದ್ದಾಗ ಸರಿ. ಇಪ್ಪತ್ತು ವರ್ಷಗಳಿಂದ ನನ್ನ ಮೇಜಿಗೆ ಬರುತ್ತಿರುವ ಕಡತಗಳಲ್ಲಿ ಗೆರೆಗಳು ಅಂಗುಲದಲ್ಲಿದ್ದು ಇನ್‌ಸ್‌ಯೂನಿಟ್ಸ್ ಮಾತ್ರ ಮಿಲಿಮೀಟರ್ ಎಂದಿರುವುದು ಸಾಮಾನ್ಯ, ಏಕೆಂದರೆ ಯಾರೋ ಮಾಡಿಟ್ಟ ಟೆಂಪ್ಲೇಟನ್ನು ತೆರೆದು ಅಂಗುಲದ ಲೆಕ್ಕದಲ್ಲಿ ಬರೆಯುತ್ತ ಹೋಗಿರುತ್ತಾರೆ. ಅಂಥಲ್ಲಿ ತಂತ್ರಾಂಶ ಆ ಸುಳ್ಳನ್ನೇ ನಂಬಿ ಏನನ್ನೂ ಹಿಗ್ಗಿಸುವುದಿಲ್ಲ. ಇನ್ನು ಡೈಮೆನ್ಷನ್ ಸ್ಟೈಲಿನ ಡಿಮ್‌ಎಲ್‌ಫ್ಯಾಕ್ ಎಂಬ ಗುಣಕವನ್ನು 25.4 ಮಾಡಿ, ಗೆರೆಯನ್ನು ಅಂಗುಲದಲ್ಲೇ ಬಿಟ್ಟು, ಅಂಕಿಯನ್ನಷ್ಟೇ ಮಿಲಿಮೀಟರಿನಲ್ಲಿ ತೋರಿಸುವವರೂ ಇದ್ದಾರೆ. ಕೆಲವರು ಡೈಮೆನ್ಷನ್ನಿನ ಅಂಕಿಯನ್ನು ಅಳಿಸಿ ಕೈಯಿಂದ ಟೈಪ್ ಮಾಡಿರುತ್ತಾರೆ. ಆ ಅಂಕಿ ಯಾವ ಸ್ಕೇಲಿಗೂ ಬದಲಾಗುವುದಿಲ್ಲ. ಆದ್ದರಿಂದ ಗೆರೆಯನ್ನೇ ಅಳೆಯಬೇಕು, ಬರೆದ ಅಂಕಿಯನ್ನು ನಂಬಬಾರದು.

ಪಾಲಿಟೆಕ್ನಿಕ್ ಉಪನ್ಯಾಸಕಿ:
ಗೆರೆಯನ್ನು ಅಳೆಯಬೇಕೆಂಬುದನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಅಳೆದು ಅಂಗುಲವೆಂದು ತಿಳಿದ ಮೇಲೆ, ಕಡತದ ಒಂದು ನಕಲು ಪ್ರತಿ ಮಾಡಿ ಅದರ ಇನ್‌ಸ್‌ಯೂನಿಟ್ಸ್ ತಿದ್ದಿದರೆ ಸಾಕಲ್ಲವೇ? ಆ ಸೆಟ್ಟಿಂಗನ್ನು ಬದಲಿಸುವುದರಿಂದ ಒಂದು ಗೆರೆಯೂ ಕದಲುವುದಿಲ್ಲ. ಈ ಗೆರೆಗಳನ್ನು ಯಾವ ಮಾನದಲ್ಲಿ ಓದಬೇಕೆಂಬುದನ್ನು ಅದು ಹೇಳುತ್ತದೆ, ಅಷ್ಟೇ. ಯೂನಿಟ್ಸ್ ಬದಲಿಸಿದರೆ ನಕ್ಷೆಯೇ ಮಿಲಿಮೀಟರಿಗೆ ಬದಲಾಯಿತೆಂದು ನನ್ನ ವಿದ್ಯಾರ್ಥಿಗಳಲ್ಲಿ ಬಹುತೇಕರು ಮೊದಲ ವರ್ಷ ತಿಳಿದಿರುತ್ತಾರೆ, ಅನುಭವಿಗಳಲ್ಲಿಯೂ ಈ ಕಲ್ಪನೆ ಉಳಿದಿರುವುದನ್ನು ಕಂಡಿದ್ದೇನೆ.

ಭೂಮಾಪಕರು, ಬೆಂಗಳೂರು:
ನನ್ನ ಕೆಲಸ ಮೀಟರಿನಲ್ಲಿ ನಡೆಯುವುದರಿಂದ ಒಂದು ಎಚ್ಚರಿಕೆ. ಯುಟಿಎಂ (ಭೂಮಿಯ ಮೇಲಿನ ಸ್ಥಾನವನ್ನು ಮೀಟರಿನಲ್ಲಿ ಹೇಳುವ ಪದ್ಧತಿ) ನಿರ್ದೇಶಾಂಕಗಳಲ್ಲಿ ಬೆಂಗಳೂರಿನ ಉತ್ತರದ ಅಂಕಿ, ಅಂದರೆ ಭೂಮಧ್ಯರೇಖೆಯಿಂದ ಉತ್ತರಕ್ಕಿರುವ ದೂರ, ಹದಿನಾಲ್ಕು ಲಕ್ಷ ಮೀಟರಿಗೂ ಹೆಚ್ಚು. ಇಂಥ ಸರ್ವೆ ಕಡತವನ್ನು ಮಿಲಿಮೀಟರಿಗೆ ತರಲು ಸೊನ್ನೆ ಬಿಂದುವಿನಿಂದ 1000 ಪಟ್ಟು ಹಿಗ್ಗಿಸಿದರೆ ಅದು ನೂರ ನಲವತ್ತು ಕೋಟಿಯಷ್ಟು ದೂರಕ್ಕೆ ಹೋಗುತ್ತದೆ, ಹ್ಯಾಚ್ (ಜಾಗ ತುಂಬುವ ಗೀರುವಿನ್ಯಾಸ) ಮತ್ತು ಗೆರೆಗಳು ಪರದೆಯ ಮೇಲೆ ನಡುಗಲಾರಂಭಿಸುತ್ತವೆ. ಸರ್ವೆಯನ್ನು ಮೀಟರಿನಲ್ಲಿಯೇ ಬಿಟ್ಟು, ಕಟ್ಟಡವನ್ನು ಅದರೊಳಗೆ ಎಕ್ಸ್‌ರೆಫ್ ಆಗಿ ತರುವುದು ಲೇಸು.

ಸ್ಕ್ಯಾನ್ ಮಾಡಿದ ಹಳೆಯ ನಕ್ಷೆಯಲ್ಲಿ ಮಾತ್ರ ಸ್ಕೇಲ್ ಕಮಾಂಡ್ ಅನಿವಾರ್ಯ. ಅದರ ರೆಫರೆನ್ಸ್ ಆಯ್ಕೆಯಲ್ಲಿ ಎರಡು ಬಿಂದುಗಳನ್ನು ತೋರಿಸಿ ನಿಜವಾದ ಉದ್ದವನ್ನು ಕೊಟ್ಟರೆ ಗುಣಕವನ್ನು ಅದೇ ಲೆಕ್ಕ ಹಾಕುತ್ತದೆ. ಇದಕ್ಕೆ ಬಾಗಿಲಿನ ಅಳತೆಯನ್ನು ಆರಿಸಿಕೊಳ್ಳಬೇಡಿ. ಮೂರು ಅಡಿಯ ಬಾಗಿಲಿನಲ್ಲಿ ಐದು ಮಿಲಿಮೀಟರ್ ತಪ್ಪಿದರೆ ಮೂವತ್ತು ಅಡಿಯಲ್ಲಿ ಐವತ್ತು ತಪ್ಪುತ್ತದೆ. ತಿಳಿದಿರುವ ಅಳತೆಗಳಲ್ಲಿ ಅತಿ ಉದ್ದದ್ದನ್ನು ಹಿಡಿಯಬೇಕು. ಆಮೇಲೆ ಅಡ್ಡ ದಿಕ್ಕನ್ನೂ ಅಳೆದು ನೋಡಿ. ಕಾಗದ ಎರಡು ದಿಕ್ಕಿಗೆ ಸಮನಾಗಿ ಕುಗ್ಗಿರುವುದಿಲ್ಲ, ಸ್ಕೇಲ್ ಕಮಾಂಡ್ ಎರಡನ್ನೂ ಸಮನಾಗಿಯೇ ಹಿಗ್ಗಿಸುತ್ತದೆ. ವ್ಯತ್ಯಾಸವಿದ್ದರೆ ಮೇಲೆ ಗೆರೆ ಎಳೆದು, ಆ ಗೆರೆಗಳನ್ನೆಲ್ಲ ಒಂದೇ ಗುಂಪಾಗಿ ಬ್ಲಾಕ್ ಮಾಡಿ, ಸೇರಿಸುವಾಗ ಎಕ್ಸ್ ಮತ್ತು ವೈ ಗುಣಕಗಳನ್ನು ಬೇರೆಬೇರೆ ಕೊಡಬೇಕಾಗುತ್ತದೆ.

ಹಾಸನದ ಸಿವಿಲ್ ಎಂಜಿನಿಯರ್:
ಎಲ್ಲರಿಗೂ ಕೃತಜ್ಞತೆಗಳು. ಮೂಲ ಕಡತವನ್ನು ಅಳೆದಾಗ 360 ಬಂದಿತು, ಇನ್‌ಸ್‌ಯೂನಿಟ್ಸ್ ಮಾತ್ರ ಮಿಲಿಮೀಟರ್ ಎಂದಿತ್ತು, ಡ್ರಾಫ್ಟ್ಸ್‌ಮನ್ ಅವರು ಹೇಳಿದಂತೆಯೇ. ಪ್ರತಿಯಲ್ಲಿ ತಿದ್ದಿ ಎಕ್ಸ್‌ರೆಫ್ ಜೋಡಿಸಿದೆ. ಮೂವತ್ತು ಅಡಿ 9144, ನಲವತ್ತು ಅಡಿ 12192 ಬಂದಿವೆ. ಎ3 ಹಾಳೆಗೆ ಹಿಡಿಸಲು ನಕ್ಷೆಯನ್ನು ಮತ್ತೆ ಕುಗ್ಗಿಸಬೇಕೇ?

ಪಾಲಿಟೆಕ್ನಿಕ್ ಉಪನ್ಯಾಸಕಿ:
ಖಂಡಿತ ಬೇಡ. ನಕ್ಷೆ ಬರೆಯುವ ಜಾಗವಾದ ಮಾಡೆಲಿನಲ್ಲಿ ಕಟ್ಟಡ ಅದರ ನಿಜಗಾತ್ರದಲ್ಲಿಯೇ ಇರಲಿ. ಮುದ್ರಣದ ಹಾಳೆಯಾದ ಲೇಔಟಿನಲ್ಲಿ ವ್ಯೂಪೋರ್ಟ್ (ಮಾಡೆಲನ್ನು ತೋರಿಸುವ ಕಿಟಕಿ) ತೆರೆದು 1:50 ಕೊಟ್ಟು ಲಾಕ್ ಮಾಡಿ. ನಿಮ್ಮ ಸೈಟು ಕಾಗದದ ಮೇಲೆ ಸುಮಾರು 183 ಮತ್ತು 244 ಮಿಲಿಮೀಟರ್ ಆಗುತ್ತದೆ, 297 ಮತ್ತು 420ರ ಎ3 ಹಾಳೆಯಲ್ಲಿ ಟೈಟಲ್ ಬ್ಲಾಕಿಗೂ ಜಾಗ ಉಳಿಯುತ್ತದೆ.

ಮೈಸೂರಿನ ಡ್ರಾಫ್ಟ್ಸ್‌ಮನ್:
ಇದರಲ್ಲಿ ನನ್ನದೂ ಅದೇ ಅಭಿಪ್ರಾಯ. ಪ್ರಿಂಟ್ ತೆಗೆಸುವಾಗ ನಕ್ಷೆಯನ್ನು ಹಾಳೆಯ ಅಳತೆಗೆ ಹೊಂದಿಸಿಬಿಡುವ ಫಿಟ್ ಟು ಪೇಪರ್ ಗುರುತನ್ನು ತೆಗೆಯಲು ಮರೆಯಬೇಡಿ ಸರ್, ಹಾಳೆಯ ಮೂಲೆಯಲ್ಲಿ ಒಂದು ಅಳತೆಪಟ್ಟಿಯನ್ನೂ ಬರೆಯಿರಿ. ಜೆರಾಕ್ಸ್ ಅಂಗಡಿಯಲ್ಲಿ ನಕ್ಷೆ ಕುಗ್ಗಿದರೆ ಪಟ್ಟಿಯೂ ಅದರೊಂದಿಗೆ ಅಷ್ಟೇ ಕುಗ್ಗುತ್ತದೆ, ಮೇಸ್ತ್ರಿಯವರಿಗೆ ಅಳೆಯಲು ಆಧಾರ ಉಳಿಯುತ್ತದೆ.